ಕಾಲೇಜಿನ ಇಂಗ್ಲಿಷ್: ಬರೆದಿಟ್ಟ ನಿಯಮ, ಬರೆಯದ ನಿರೀಕ್ಷೆ

ಹನ್ನೆರಡನೆಯ ತರಗತಿಯ ಫಲಿತಾಂಶಗಳು ಹೊರಬೀಳುವ ಕಾಲಕ್ಕೆ ಪ್ರತಿ ವರ್ಷವೂ ನಮ್ಮವರ ಮನೆಗಳಲ್ಲಿ ಕಾಲೇಜಿನ ಮಾತು ಏಳುತ್ತದೆ. ಹಗಲು ಉಪಾಹಾರಗೃಹದಲ್ಲಿಯೋ ಕಚೇರಿಯಲ್ಲಿಯೋ ದುಡಿದು ಪದವಿಗೆ ಓದಬೇಕೆನ್ನುವ ತರುಣರೂ, ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಗಳೂ ಶುಲ್ಕವೆಷ್ಟು, ಅಂಕಗಳೆಷ್ಟು ಬೇಕು ಎಂದು ವಿಚಾರಿಸುತ್ತಾರೆ. ಇಂಗ್ಲಿಷ್ ವಿಷಯದಲ್ಲಿ ಅಲ್ಲಿ ವಿದ್ಯಾರ್ಥಿಯಿಂದ ಏನನ್ನು ಅಪೇಕ್ಷಿಸುತ್ತಾರೆಂದು ಕೇಳುವವರು ವಿರಳ. ನಾವು ಕಂಡಂತೆ ನಮ್ಮ ಹುಡುಗರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಆದುದರಿಂದ ಈ ವಿಚಾರವನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಹಿನ್ನೆಲೆಯನ್ನು ನೋಡೋಣ. ಮುಂಬಯಿ, ಕಲಕತ್ತೆ, ಮದರಾಸುಗಳಲ್ಲಿ 1857ರಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಗೊಂಡಾಗ ಇಂಗ್ಲಿಷು ಎಲ್ಲ ವಿದ್ಯೆಗಳಿಗೂ ಬಾಗಿಲಾಗಿತ್ತು. 1862ರಲ್ಲಿ ಮುಂಬಯಿಯ ಮೊದಲ ಪದವೀಧರರ ಸಾಲಿನಲ್ಲಿ ನಿಂತ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಮೊದಲಾದವರು ಆ ಬಾಗಿಲಿನಿಂದಲೇ ಒಳಹೊಕ್ಕವರು. ಸ್ವಾತಂತ್ರ್ಯ ಬಂದ ಮೇಲೆ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು (1948-49) ಬೋಧನೆಯ ಮಾಧ್ಯಮವು ಸಾಧ್ಯವಾದಷ್ಟು ಬೇಗ ಭಾರತೀಯ ಭಾಷೆಯಾಗಬೇಕೆಂದಿತು; ಬೆಳೆಯುತ್ತಿರುವ ಜ್ಞಾನದ ಸಂಪರ್ಕಕ್ಕಾಗಿ ಇಂಗ್ಲಿಷಿನ ಅಭ್ಯಾಸವೂ ಮುಂದುವರಿಯಬೇಕೆಂದು ಸೇರಿಸಿತು. ಕೊಠಾರಿ ಆಯೋಗವು (1964-66) ಇಂಗ್ಲಿಷನ್ನು ಗ್ರಂಥಾಲಯದ ಭಾಷೆಯೆಂದು ಪರಿಗಣಿಸಿತು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಪುಸ್ತಕದ ಪುಟವೊಂದನ್ನು ಯಾರ ನೆರವೂ ಇಲ್ಲದೆ ಓದಿ ತಿಳಿಯಬಲ್ಲವನೇ ಇಂಗ್ಲಿಷ್ ಬಲ್ಲವನು ಎಂಬ ಅಳತೆಗೋಲು ಅದರಲ್ಲಿ ಅಡಗಿದೆ.

ಇನ್ನು ಇಂದಿನ ನಿಯಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪದವಿ ಶಿಕ್ಷಣದ ಚೌಕಟ್ಟನ್ನು ಪ್ರಕಟಿಸಿತು. ಮೂರು ವರ್ಷಗಳ ಪದವಿಗೆ ಒಟ್ಟು 120 ಕ್ರೆಡಿಟ್‌ಗಳು. ಅವುಗಳಲ್ಲಿ ಭಾಷಾಸಾಮರ್ಥ್ಯಕ್ಕೆ 8. ವಿದ್ಯಾರ್ಥಿಯು ಒಂದು ಭಾರತೀಯ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪರಿಣತಿ ಪಡೆಯಬೇಕೆಂಬುದು ಆ ಚೌಕಟ್ಟಿನ ಆಶಯ. ಒಂದು ಕ್ರೆಡಿಟ್ಟಿಗೆ 15 ಗಂಟೆಗಳ ಪಾಠ. ಎಂಟನ್ನು ಎರಡು ಭಾಷೆಗಳಿಗೆ ಸಮವಾಗಿ ಹಂಚಿದರೆ ಮೂರು ವರ್ಷಗಳಲ್ಲಿ ಇಂಗ್ಲಿಷಿನ ಪಾಲಿಗೆ 60 ಗಂಟೆಗಳು ದೊರೆಯುತ್ತವೆ. ಹೋಟೆಲಿನಲ್ಲಿ ದುಡಿಯುವ ನಮ್ಮ ಸೋದರನೊಬ್ಬನು ಇಷ್ಟು ಗಂಟೆಗಳನ್ನು ಒಂದೇ ವಾರದಲ್ಲಿ ಸವೆಸಿಯಾನು! ಮದರಾಸು ವಿಶ್ವವಿದ್ಯಾನಿಲಯದ ಕಾಲೇಜುಗಳ ಕ್ರಮ ಬೇರೆ. ಅಲ್ಲಿ ಮೊದಲನೆಯ ಭಾಗವು ತಮಿಳು ಅಥವಾ ಇನ್ನೊಂದು ಭಾಷೆಗೆ, ಎರಡನೆಯ ಭಾಗವು ಇಂಗ್ಲಿಷಿಗೆ ಮೀಸಲು.

ಬರೆದಿಟ್ಟ ನಿಯಮಗಳು ಸರಳ. ಹನ್ನೆರಡನೆಯ ತರಗತಿ ತೇರ್ಗಡೆಯಾಗಿರಬೇಕು, ತರಗತಿಗೆ ಹಾಜರಾಗಬೇಕು, ನಡುವೆ ಕೊಡುವ ಬರವಣಿಗೆಯ ಕೆಲಸಗಳನ್ನು ಒಪ್ಪಿಸಬೇಕು, ಕೊನೆಯಲ್ಲಿ ಪರೀಕ್ಷೆಗೆ ಕೂರಬೇಕು. ಇಷ್ಟನ್ನು ಓದಿದವನು ಇದರಲ್ಲಿ ಕಷ್ಟವೇನಿದೆ ಎಂದು ಭಾವಿಸುವುದು ಸಹಜ. ಕಷ್ಟವಿರುವುದು ಬರೆಯದೆ ಬಿಟ್ಟ ನಿರೀಕ್ಷೆಗಳಲ್ಲಿ. ಹಿಂದೆಂದೂ ಕಾಣದ ಗದ್ಯಭಾಗವನ್ನು ಕೊಟ್ಟು ಅದರ ಅರ್ಥವನ್ನು ಕೇಳುತ್ತಾರೆ. ಅದನ್ನು ಮೂರನೆಯ ಒಂದು ಪಾಲಿಗೆ ಇಳಿಸಿ ಸ್ವಂತ ಮಾತುಗಳಲ್ಲಿ ಬರೆಯಲು ಹೇಳುತ್ತಾರೆ. ಅರ್ಜಿ, ದೂರುಪತ್ರ, ವರದಿಗಳನ್ನು ಅವುಗಳ ಕ್ರಮದಲ್ಲಿ ರಚಿಸಬೇಕೆನ್ನುತ್ತಾರೆ. ಇದಲ್ಲದೆ ಅರ್ಥಶಾಸ್ತ್ರ, ವಾಣಿಜ್ಯ ಮುಂತಾದ ಪಾಠಗಳು ಇಂಗ್ಲಿಷಿನಲ್ಲಿ ನಡೆಯುವ ಕಡೆ ಅವನ್ನು ಕೇಳುತ್ತಲೇ ಟಿಪ್ಪಣಿ ಮಾಡಿಕೊಳ್ಳುವ ಶಕ್ತಿಯೂ ಇದೆಯೆಂದು ಅಧ್ಯಾಪಕರು ನಂಬಿಯೇ ಮುಂದುವರಿಯುತ್ತಾರೆ. ಹತ್ತು ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವನಿಗೆ ಇವೆಲ್ಲವೂ ರೂಢಿ. ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ 1ನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲು ತೊಡಗಿದ್ದು 2007ರಲ್ಲಿ. ಅದಕ್ಕೆ ಮುಂಚೆ ಊರಿನಲ್ಲಿ ಕಲಿತು ಬಂದವರಿಗೂ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರಿಗೂ ಈ ರೂಢಿಯನ್ನು ಯಾರೂ ಮಾಡಿಸಿಲ್ಲ.

ನಮ್ಮವರಿಗೆ ಭಾಷೆ ಕಲಿಯುವ ಶಕ್ತಿಯಿಲ್ಲವೆಂದು ಇದರಿಂದ ಯಾರಾದರೂ ತಿಳಿದರೆ ಅದು ಶುದ್ಧ ಅವಿವೇಕ. ಗಿರಾಕಿಯೊಡನೆ ಹಿಂದಿ, ಮಾರಾಟಗಾರನೊಡನೆ ಮರಾಠಿ, ಅಡುಗೆಮನೆಯಲ್ಲಿ ತುಳು, ಊರಿನ ಪತ್ರಕ್ಕೆ ಕನ್ನಡ, ವಿದೇಶೀಯನು ಬಂದರೆ ನಾಲ್ಕು ಮಾತು ಇಂಗ್ಲಿಷ್ ಎಂದು ಒಂದೇ ದಿನದಲ್ಲಿ ಐದು ಭಾಷೆಗಳನ್ನು ನಿಭಾಯಿಸುವವರು ನಮ್ಮ ಹೋಟೆಲುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರು ಕಿವಿಯಿಂದ ಕಲಿತವರು. ವಿಶ್ವವಿದ್ಯಾನಿಲಯವು ಅಳೆಯುವುದು ಕಣ್ಣಿನ ಮತ್ತು ಲೇಖನಿಯ ಇಂಗ್ಲಿಷನ್ನು.

ಸಾರಾಂಶಲೇಖನವನ್ನೇ ತೆಗೆದುಕೊಳ್ಳಿ. ನಮ್ಮ ಹುಡುಗರು ಅತಿಯಾಗಿ ಅಂಜುವ ಪ್ರಶ್ನೆಯಿದು. ರಾತ್ರಿ ಮಾಲೀಕನು ಬಂದು ಇಂದು ಏನು ನಡೆಯಿತೆಂದು ಕೇಳಿದಾಗ ಗಲ್ಲಾದ ಮೇಲಿರುವವನು ಹದಿನಾಲ್ಕು ಗಂಟೆಗಳ ವ್ಯವಹಾರವನ್ನು ನಾಲ್ಕು ಮಾತುಗಳಲ್ಲಿ ಹೇಳಿ ಮುಗಿಸುತ್ತಾನೆ. ಮುಖ್ಯವಾದುದನ್ನು ಆರಿಸಿ, ಅಮುಖ್ಯವಾದುದನ್ನು ಕೈಬಿಟ್ಟು, ಕ್ರಮ ತಪ್ಪದಂತೆ ಒಪ್ಪಿಸುತ್ತಾನೆ. ಸಾರಾಂಶವೆಂದರೆ ಇದೇ. ಆ ಬುದ್ಧಿ ಅವನಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ಇಂಗ್ಲಿಷ್ ವಾಕ್ಯಗಳ ಅಭ್ಯಾಸ ಮಾತ್ರ. ಕನ್ನಡ ಪತ್ರಿಕೆಯ ಸುದ್ದಿಯೊಂದನ್ನು ಮೊದಲು ಕನ್ನಡದಲ್ಲಿಯೇ ಐದು ವಾಕ್ಯಗಳಿಗೆ ಇಳಿಸಲು ಕಲಿತವನು, ಅನಂತರ ಇಂಗ್ಲಿಷ್ ಸುದ್ದಿಯನ್ನು ಹಾಗೆಯೇ ಇಳಿಸಲು ಅಷ್ಟಾಗಿ ಬಳಲುವುದಿಲ್ಲ. ಮಾರ್ಗದರ್ಶಿ ಪುಸ್ತಕದ ಉತ್ತರಗಳನ್ನು ಬಾಯಿಪಾಠ ಮಾಡಿದವನಿಗೆ ಕಾಣದ ಗದ್ಯಭಾಗವೇ ಬಲೆಯಾಗುತ್ತದೆ. ಮೊಬೈಲ್ ಫೋನಿನ ಯಂತ್ರಾನುವಾದವನ್ನು ನೆಚ್ಚಿದವನ ಸ್ಥಿತಿಯೂ ಅಷ್ಟೇ, ಪರೀಕ್ಷಾಮಂದಿರದೊಳಗೆ ಆ ಮಿತ್ರನಿಗೆ ಪ್ರವೇಶವಿಲ್ಲ.

ದುಡಿಯುವವರಿಗೆ ದಾರಿಗಳಿಲ್ಲವೆಂದಲ್ಲ. ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಯು 1946ರಲ್ಲಿ ಮುಂಬಯಿಯಲ್ಲಿ ತೆರೆದ ಸಿದ್ಧಾರ್ಥ ಕಾಲೇಜು, ಕೆಲಸಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು ಬೆಳಗಿನ ತರಗತಿಗಳನ್ನು ನಡೆಸಿ ಮೇಲ್ಪಂಕ್ತಿ ಹಾಕಿತು. ದಿಲ್ಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಯ ಮೂಲಕ ಪಾಠಗಳನ್ನು ಆರಂಭಿಸಿತು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಭ್ಯಾಸ; ಎಂದರೆ 4 ಕ್ರೆಡಿಟ್‌ಗಳ ಪಾಠಕ್ರಮಕ್ಕೆ 120 ಗಂಟೆಗಳು. ಅದರ ಬಹುಭಾಗವನ್ನು ವಿದ್ಯಾರ್ಥಿಯು ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಪೂರೈಸಬೇಕು. ಮನೆಯಲ್ಲಿ ಬರೆಯುವ ಉತ್ತರಗಳನ್ನು ಗಡುವಿನೊಳಗೆ ಒಪ್ಪಿಸದವನಿಗೆ ಪರೀಕ್ಷೆಗೆ ಅರ್ಹತೆಯಿಲ್ಲ. ಕೆಲಸದ ಒತ್ತಡದಲ್ಲಿ ಈ ಗಡುವನ್ನು ಮರೆತು ವರ್ಷ ಕಳೆದುಕೊಂಡವರನ್ನು ನಾವು ಬಲ್ಲೆವು.

ಹೀಗಿರುವಾಗ ಮೂವರಿಗೆ ಮೂರು ಮಾತುಗಳನ್ನು ಹೇಳಬಯಸುತ್ತೇವೆ. ಮೊದಲನೆಯದು ವಿಶ್ವವಿದ್ಯಾನಿಲಯಗಳಿಗೆ: ಪಾಠದ ಮೊದಲ ವಾರದಲ್ಲಿಯೇ ಏನನ್ನು ಅಪೇಕ್ಷಿಸುವಿರೆಂಬುದನ್ನು, ಒಳ್ಳೆಯ ಉತ್ತರ ಹೇಗಿರುತ್ತದೆಂಬುದನ್ನು ಮಾದರಿಯೊಡನೆ ವಿದ್ಯಾರ್ಥಿಗಳ ಮುಂದಿಡಿರಿ. ಅಳತೆಯನ್ನು ಗುಟ್ಟಾಗಿಟ್ಟು ಕಡಿಮೆ ಬಿದ್ದವನನ್ನು ದಡ್ಡನೆನ್ನುವುದು ನ್ಯಾಯವಲ್ಲ. ಎರಡನೆಯದು ನಮ್ಮ ಸಂಘಸಂಸ್ಥೆಗಳಿಗೆ: ವಾರ್ಷಿಕೋತ್ಸವದ ಹಾರತುರಾಯಿಗಳ ವೆಚ್ಚದಲ್ಲಿ ಸ್ವಲ್ಪವನ್ನು ಉಳಿಸಿ, ಕಾಲೇಜು ಸೇರುವ ಮುಂಚಿನ ಬಿಡುವಿನಲ್ಲಿ ಕನ್ನಡದ ಮೂಲಕ ಇಂಗ್ಲಿಷ್ ಓದು ಬರಹಗಳನ್ನು ಕಲಿಸುವ ತರಗತಿಗಳನ್ನು ರಾತ್ರಿ ವೇಳೆಯಲ್ಲಿ ನಡೆಸಿರಿ. ಊರು ಬಿಟ್ಟು ಬಂದ ಹುಡುಗರಿಗೆ ಒಂದು ತಲೆಮಾರಿನ ಹಿಂದೆ ರಾತ್ರಿಶಾಲೆಗಳು ಮಾಡಿದ ಉಪಕಾರವನ್ನು ಈ ತಲೆಮಾರಿಗೆ ಮಾಡಬಲ್ಲುದು ಇಂತಹ ತರಗತಿಗಳೇ. ಮಾಲೀಕ ಬಾಂಧವರು ತಮ್ಮಲ್ಲಿ ಓದುವ ಹುಡುಗನಿಗೆ ಪರೀಕ್ಷೆಯ ವಾರದಲ್ಲಿ ರಜೆ ಕೊಟ್ಟರೆ ಹೋಟೆಲು ಮುಳುಗಲಾರದು.

ಮೂರನೆಯದು ವಿದ್ಯಾರ್ಥಿ ಮಿತ್ರರಿಗೆ: ದಿನಕ್ಕೆ ಅರ್ಧ ಗಂಟೆ ಇಂಗ್ಲಿಷಿನ ಒಂದು ಪುಟವನ್ನು ಓದಿ, ಅದನ್ನು ಮುಚ್ಚಿಟ್ಟು, ತಿಳಿದುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಒಂದು ವರ್ಷದಲ್ಲಿ ಅದು 180 ಗಂಟೆಗಳನ್ನು ಮೀರುತ್ತದೆ. ಮೂರು ವರ್ಷಗಳಲ್ಲಿ ಕಾಲೇಜು ಕೊಡುವ ಅರುವತ್ತರ ಮೂರು ಪಟ್ಟು. ಕನ್ನಡವನ್ನು ಬಿಟ್ಟರೆ ಇಂಗ್ಲಿಷ್ ಬೇಗ ಬರುವುದೆಂಬ ಭ್ರಮೆ ಬೇಡ. ಸ್ವಂತ ಭಾಷೆಯಲ್ಲಿ ವಿಚಾರವನ್ನು ಒಪ್ಪವಾಗಿ ಜೋಡಿಸಬಲ್ಲವನೇ ಪರಭಾಷೆಯಲ್ಲಿಯೂ ಜೋಡಿಸಬಲ್ಲನು. ಪ್ರವೇಶಪತ್ರಕ್ಕೆ ರುಜು ಹಾಕುವ ಮುನ್ನ ಆ ವಿಶ್ವವಿದ್ಯಾನಿಲಯದ ಹಿಂದಿನ ಮೂರು ವರ್ಷಗಳ ಇಂಗ್ಲಿಷ್ ಪ್ರಶ್ನೆಪತ್ರಿಕೆಗಳನ್ನು ತರಿಸಿ ಓದಿರಿ. ನಿಯಮಾವಳಿಯು ಹೇಳದ ಮಾತನ್ನು ಅವು ನಿಮಗೆ ಹೇಳುವುವು.