ಮೊದಲು ಯಾವುದು, ಆಮೇಲೆ ಯಾವುದು?

ಪಹಣಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟವರಿಗೆ ಸರದಿಯ ಮಹತ್ವ ಗೊತ್ತು. 2001ರ ಸುಮಾರಿಗೆ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೆ ಬಂದ ‘ಭೂಮಿ’ ವ್ಯವಸ್ಥೆಯಲ್ಲಿ, ಮೊದಲು ಬಂದ ಅರ್ಜಿ ಮೊದಲು ವಿಲೇವಾರಿಯಾಗಬೇಕೆಂಬ ನಿಯಮವನ್ನು ಕಂಪ್ಯೂಟರಿನೊಳಗೇ ಅಳವಡಿಸಲಾಯಿತು. ಒಂದೇ ಕಚೇರಿ, ಒಂದೇ ಪುಸ್ತಕವಾದರೆ ಇದು ಸುಲಭ. ಮೂರು ಊರುಗಳ ಮೂರು ಪುಸ್ತಕಗಳಲ್ಲೂ ಒಂದೇ ಬರಹ ಇರಬೇಕೆಂದರೆ? ಕಂಪ್ಯೂಟರ್ ಜಾಲಗಳನ್ನು ಕಾಡುವ ಪ್ರಶ್ನೆ ಇದೇ.

ಹಳೆಯ ಬಗೆಯ ಜಾಲದಲ್ಲಿ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂದು ಪ್ರತಿ ಪೆಟ್ಟಿಗೆಯೂ ತಾನೇ ತೀರ್ಮಾನಿಸುತ್ತದೆ. 2008ರಲ್ಲಿ ‘ಓಪನ್‌ಫ್ಲೋ’ ಬಂದ ಮೇಲೆ ಬೇರೆ ಪದ್ಧತಿ ಬಲಗೊಂಡಿತು: ತೀರ್ಮಾನ ನಿಯಂತ್ರಕ ಕಂಪ್ಯೂಟರಿನದು, ಪೆಟ್ಟಿಗೆಗಳದ್ದು ಬರೀ ಪಾಲನೆ. ನಿಯಂತ್ರಕ ಒಂದೇ ಇದ್ದು ಅದು ಕೆಟ್ಟರೆ ಜಾಲಕ್ಕೆ ಗತಿಯಿಲ್ಲ. ಆದ್ದರಿಂದ ಹಲವನ್ನು ಇಡುತ್ತಾರೆ. ತೊಡಕು ಶುರುವಾಗುವುದೂ ಅಲ್ಲಿಂದಲೇ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಒಂದೊಂದು ನಿಯಂತ್ರಕ ಇದೆಯೆಂದು ಕಲ್ಪಿಸಿಕೊಳ್ಳಿ. ರಸ್ತೆ ಅಗೆಯುವ ಜೆಸಿಬಿ ಬಳ್ಳಾರಿ–ಸಿರುಗುಪ್ಪದ ಕೇಬಲ್ಲನ್ನು ಕಡಿಯಿತು. ಸ್ವಲ್ಪ ಹೊತ್ತಿನಲ್ಲಿ ದುರಸ್ತಿಯೂ ಆಯಿತು. ಸಿರುಗುಪ್ಪದಿಂದ ಹೊರಟ ಎರಡು ಸುದ್ದಿಗಳು ಬೇರೆ ಬೇರೆ ದಾರಿ ಹಿಡಿದು, ಕುರುಗೋಡಿಗೆ ‘ಸರಿಯಾಯಿತು’ ಮೊದಲು, ‘ಕಡಿಯಿತು’ ಆಮೇಲೆ ತಲುಪಿದವು. ಕುರುಗೋಡಿನ ಲೆಕ್ಕದಲ್ಲಿ ಕೇಬಲ್ ಇನ್ನೂ ಕಡಿದೇ ಇದೆ! ಇದರ ತಿರುವುಮುರುವಾದರೆ ಇನ್ನೂ ಕೆಟ್ಟದ್ದು. ಇಲ್ಲದ ದಾರಿಗೆ ಮಾಹಿತಿ ಕಳಿಸುತ್ತಾ ಕೂರಬೇಕಾಗುತ್ತದೆ. ಸಿರುಗುಪ್ಪದ ವಿದ್ಯಾರ್ಥಿ ಕೊನೆಯ ದಿನ ಕಳಿಸಿದ ಅರ್ಜಿ ನಡುದಾರಿಯಲ್ಲೇ ಕಳೆದುಹೋಗಬಹುದು.

ಗಡಿಯಾರದ ವೇಳೆ ಬರೆದರಾಯಿತಲ್ಲ ಎನ್ನಬಹುದು. ಆದರೆ ಮೂರು ಗಡಿಯಾರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡುವುದಿಲ್ಲ. 1978ರಲ್ಲಿ ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಗಡಿಯಾರವನ್ನೇ ಬದಿಗಿಟ್ಟು ಎಣಿಕೆಯನ್ನು ಹಿಡಿದರು. ಪ್ರತಿ ಘಟನೆಗೂ ಒಂದು ಅಂಕಿ. ಸುದ್ದಿಯ ಜೊತೆ ಅಂಕಿಯೂ ಹೋಗುತ್ತದೆ. ಸಿರುಗುಪ್ಪದಲ್ಲಿ ‘ಕಡಿಯಿತು’ 5, ‘ಸರಿಯಾಯಿತು’ 6. ಆರನ್ನು ನೋಡಿದ ಮೇಲೆ ಐದು ಬಂದರೆ ಅದು ಹಳೆಯ ಸುದ್ದಿ ಎಂದು ಕುರುಗೋಡು ತಿಳಿಯುತ್ತದೆ. ಕುರುಗೋಡಿನ ಸ್ವಂತ ಎಣಿಕೆ 3ರಲ್ಲಿದ್ದರೂ ಆರನ್ನು ಕಂಡೊಡನೆ 7ಕ್ಕೆ ಜಿಗಿಯಬೇಕು. ಸುದ್ದಿ ಕೇಳಿ ಕೈಗೊಂಡ ಕ್ರಮಕ್ಕೆ ಸುದ್ದಿಗಿಂತ ದೊಡ್ಡ ಅಂಕಿಯೇ ಬೀಳುತ್ತದೆ. ಇಷ್ಟು ಸರಳವಾದದ್ದು ಮೊದಲೇ ಹೊಳೆಯಲಿಲ್ಲವೇಕೆ ಎನಿಸುತ್ತದೆ!

ಪುಸ್ತಕಗಳು ಒಂದೇ ಆಗಿರಲು ಬಹುಮತವೂ ಬೇಕು. ಮೂರರಲ್ಲಿ ಎರಡು ಒಪ್ಪಿದ್ದೇ ದಾಖಲೆ. ಸಿರುಗುಪ್ಪ ಒಂಟಿಯಾದರೆ ಅದು ಹೊಸ ತೀರ್ಮಾನ ಬರೆಯುವಂತಿಲ್ಲ. ಅಲ್ಲಿನ ಪೆಟ್ಟಿಗೆಗಳು ಮೊದಲಿನ ಆಜ್ಞೆಯಂತೆ ನಡೆಯುತ್ತಿರುತ್ತವೆ. ನಿಯಂತ್ರಕ ಎರಡೇ ಇದ್ದರೆ ಒಂದು ಕೆಟ್ಟೊಡನೆ ಬಹುಮತವೇ ಇಲ್ಲ; ಅದಕ್ಕೇ ಮೂರು, ಐದು ಎಂದು ಬೆಸಸಂಖ್ಯೆ. 2014ರಲ್ಲಿ ಸ್ಟ್ಯಾನ್‌ಫರ್ಡಿನ ಆಂಗಾರೋ ಮತ್ತು ಔಸ್ಟರ್‌ಹೌಟ್ ಪ್ರಕಟಿಸಿದ ‘ರಾಫ್ಟ್’ ವಿಧಾನ ನಡೆಯುವುದು ಈ ಬಹುಮತದ ಮೇಲೆಯೇ.

ಜಾಲ ಕೈಕೊಟ್ಟಾಗ ಎಂಜಿನಿಯರುಗಳು ಮೂರೂ ಊರಿನ ದಾಖಲೆಗಳನ್ನು ಅಂಕಿಯಂತೆ ಜೋಡಿಸಿ ತಪ್ಪಿನ ಮೂಲ ಹುಡುಕುತ್ತಾರೆ. ಇಲ್ಲೊಂದು ಎಚ್ಚರ. ಬಳ್ಳಾರಿಯ 4 ಕುರುಗೋಡಿನ 7ಕ್ಕೆ ಕಾರಣವೆಂದು ಅಂಕಿ ನೋಡಿಯೇ ಹೇಳಲಾಗದು. ಎರಡಕ್ಕೂ ಸಂಬಂಧವೇ ಇಲ್ಲದಿರಬಹುದು. ಅದನ್ನೂ ತಿಳಿಯಬೇಕಾದ ಕಡೆ ಪ್ರತಿ ಘಟನೆಯ ಎದುರು, ತನಗೆ ತಿಳಿದಂತೆ ಮೂರೂ ಊರಿನ ಎಣಿಕೆ ಎಷ್ಟೆಂದು ಮೂರು ಅಂಕಿಗಳನ್ನು ಬರೆದಿಡುತ್ತಾರೆ.