‘ಕುಟುಂಬದಲ್ಲೇ ಉಂಟು’ ಎಂಬ ಮಾತು ಯಾರ ಕಿವಿಗೆ ಬೀಳಬೇಕು?

ಕೆಲವು ತಿಂಗಳ ಹಿಂದೆ ನಮ್ಮ ಮೊಹಲ್ಲಾದಲ್ಲಿ ಒಬ್ಬರು ತೀರಿಕೊಂಡರು. ವಯಸ್ಸು 49. ಸುಬಹಿ ನಮಾಝಿಗೆ ಎದ್ದವರು ಎದೆ ಹಿಡಿದುಕೊಂಡು ಕೂತರು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಇನ್ನಾಲಿಲ್ಲಾಹ್. ಮಯ್ಯತ್ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ ಹಿರಿಯರ ಬಾಯಲ್ಲಿ ಒಂದೇ ಮಾತು: “ಅವರ ಕುಟುಂಬದಲ್ಲೇ ಉಂಟು ಮಾರಾಯ್ರೆ. ಅವರ ತಂದೆ ಹೋದದ್ದೂ ಹೀಗೆಯೇ.”

ಆ ಮನೆಯ ಚಿಕ್ಕ ಮಗ ನಮ್ಮ ಮದ್ರಸದಲ್ಲಿ ಕಲಿಯುತ್ತಾನೆ. ಹನ್ನೊಂದು ವರ್ಷ. ಒಂದು ವಾರ ಬಿಟ್ಟು ತರಗತಿಗೆ ಬಂದ. ಬೆಳಗ್ಗಿನ ಪಾಠ ಮುಗಿದು ಎಲ್ಲರೂ ಶಾಲೆಗೆ ಓಡಿದ ಮೇಲೆ ಇವನು ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. “ಉಸ್ತಾದ್, ಅಜ್ಜನಿಗೂ ಹಾರ್ಟ್, ಉಪ್ಪನಿಗೂ ಹಾರ್ಟ್. ಇನ್ನು ನನಗೂ ಇಚ್ಚನಿಗೂ ಬರ್ತದಂತೆ. ಮನೆಗೆ ಬಂದವರು ಹೇಳ್ತಿದ್ರು. ಹೌದಾ?”

ಆ ದಿನ ನಾನು ಅವನ ತಲೆ ಸವರಿ “ಹಾಗೆಲ್ಲ ಏನಿಲ್ಲ, ದುಆ ಮಾಡು” ಎಂದು ಕಳಿಸಿದೆ. ಅದು ಉತ್ತರ ಅಲ್ಲ ಎಂದು ನನಗೆ ಗೊತ್ತಿತ್ತು. ಏಕೆಂದರೆ ಅದೇ ಪ್ರಶ್ನೆಯನ್ನು ನಾನು ನನ್ನೊಳಗೆ ಇಪ್ಪತ್ತಾರು ವರ್ಷಗಳಿಂದ ಕೇಳಿಕೊಳ್ಳುತ್ತಾ ಬಂದಿದ್ದೇನೆ. ನನ್ನ ತಂದೆ 51ರಲ್ಲಿ ಹೃದಯಾಘಾತದಿಂದ ಹೋದರು. ಅವರ ಅಣ್ಣ 54ರಲ್ಲಿ. ನನಗೀಗ 45. ರಾತ್ರಿ ಊಟ ಹೆಚ್ಚಾಗಿ ಎದೆಯಲ್ಲಿ ಸ್ವಲ್ಪ ಗ್ಯಾಸ್ ಹಿಡಿದರೂ ಎದ್ದು ಕೂತು ಕಲಿಮ ಹೇಳಿಕೊಂಡದ್ದುಂಟು. ಪಕ್ಕದಲ್ಲಿ ಮಲಗಿದ ಹೆಂಡತಿಗೂ ಹೇಳಿದವನಲ್ಲ. ಆದರೆ ಪರೀಕ್ಷೆ ಮಾಡಿಸಿದೆನಾ? ಇಲ್ಲ. ನಮ್ಮ ಪೇಟೆಯ ಲ್ಯಾಬ್ ಎದುರಿನಿಂದಲೇ ದಿನಾ ಹೋಗಿ ಬರುತ್ತೇನೆ. “ಬರಿ ಹೊಟ್ಟೆಯಲ್ಲಿ ಬರಬೇಕು” ಎನ್ನುತ್ತಾರೆ, ಇವತ್ತು ಚಾ ಕುಡಿದಾಯಿತಲ್ಲ, ನಾಳೆ ನೋಡೋಣ ಎನ್ನುವುದು ನನ್ನ ನೆಪ. ರಂಝಾನಿನಲ್ಲಿ ಮೂವತ್ತು ದಿನ ಉಪವಾಸ ಹಿಡಿಯುವ ಮನುಷ್ಯನಿಗೆ ಒಂದು ಬೆಳಗ್ಗೆ ಚಾ ಬಿಡಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಹೆದರಿಕೆಗೆ ನಾನು ಇಟ್ಟುಕೊಂಡ ಹೆಸರು ತವಕ್ಕುಲ್.

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡುವ ಹದೀಸ್ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಇಲ್ಲಿ ಹೇಳುವುದಿಲ್ಲ. ಖಲೀಫಾ ಉಮರ್(ರ) ಅವರ ಒಂದು ಪ್ರಸಂಗ ನೆನಪಿಸುತ್ತೇನೆ. ಶಾಮಿಗೆ ಹೊರಟಿದ್ದವರಿಗೆ ದಾರಿಯಲ್ಲಿ, ಸರ್ಗ್ ಎಂಬಲ್ಲಿ, ಅಲ್ಲಿ ಪ್ಲೇಗ್ ಹರಡಿದ ಸುದ್ದಿ ಸಿಕ್ಕಿತು. ಸಹಾಬಿಗಳ ಜೊತೆ ಸಮಾಲೋಚನೆ ಮಾಡಿ ಹಿಂದಿರುಗುವ ತೀರ್ಮಾನ ಮಾಡಿದರು. ಅಬೂಉಬೈದಾ(ರ) ಅವರು, ಅಲ್ಲಾಹನ ವಿಧಿಯಿಂದ ಓಡಿ ಹೋಗುವುದಾ ಎಂದು ಕೇಳಿದಾಗ ಉಮರ್(ರ) ಕೊಟ್ಟ ಉತ್ತರದ ಸಾರ ಇಷ್ಟೇ: ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ. ನಾನು ಇದನ್ನು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಲ್ಯಾಬಿನ ಮೆಟ್ಟಿಲು ಹತ್ತುವಾಗ ಮಾತ್ರ ನೆನಪಾಗಲಿಲ್ಲ.

ಆ ಹುಡುಗ ಕೇಳಿದ ಮೇಲೆ ಹೋದೆ. ಬರಿ ಹೊಟ್ಟೆಯ ಸಕ್ಕರೆ 114. ನೂರರ ಒಳಗಿರಬೇಕು, 126 ದಾಟಿದರೆ ಶುಗರ್ ಕಾಯಿಲೆ. ನಾನು ನಡುವಿನ ಗಡಿಯಲ್ಲಿ ನಿಂತಿದ್ದೆ. ಕೆಟ್ಟ ಕೊಲೆಸ್ಟ್ರಾಲ್ 172. ವೈದ್ಯರು ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ: “ಮನೆಯಲ್ಲಿ ಯಾರಿಗಾದರೂ ಹಾರ್ಟ್ ಉಂಟಾ? ಎಷ್ಟನೇ ವಯಸ್ಸಿನಲ್ಲಿ?” ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕಿಂತ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕಿಂತ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಆ ಮನೆಯ ಉಳಿದವರನ್ನು ಬೇಗ ಪರೀಕ್ಷಿಸಬೇಕಂತೆ. ತಂದೆಯ ಕಡೆಯದ್ದು ಹೇಳಿದೆ. ತಾಯಿಯ ಕಡೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಉಮ್ಮನ ಅಣ್ಣಂದಿರು ಇಬ್ಬರು ಇದ್ದರು, ಹೋಗಿದ್ದಾರೆ ಎಂಬುದು ಬಿಟ್ಟರೆ ಏನೂ ಗೊತ್ತಿರಲಿಲ್ಲ.

ಆ ರಾತ್ರಿ ಉಮ್ಮನ ತಂಗಿಗೆ ಫೋನ್ ಮಾಡಿದೆ. ಸುಮಾರು ಹೊತ್ತು “ಅದೆಲ್ಲ ಈಗ ಯಾಕೆ ಮೋನೇ” ಎಂದು ತಪ್ಪಿಸಿಕೊಂಡರು. ಕೊನೆಗೆ ಹೇಳಿದರು. ದೊಡ್ಡ ಮಾವನಿಗೆ ಶುಗರ್ ಹೆಚ್ಚಾಗಿ ಕಿಡ್ನಿ ಹೋಗಿತ್ತು. ಇನ್ನೊಬ್ಬರಿಗೆ ಕಾಲಿನ ಬೆರಳು ತೆಗೆದಿದ್ದರು. “ಆಗ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು ಮದುವೆಗೆ ಇದ್ದರು. ಹೊರಗೆ ಹೇಳಬಾರದು ಅಂತ ನಿನ್ನ ಅಜ್ಜ ಕಟ್ಟುನಿಟ್ಟು ಮಾಡಿದ್ದರು.” ಮೂವರಿಗೂ ಮದುವೆಯಾಗಿ ಮೊಮ್ಮಕ್ಕಳೂ ಆದರು. ಆ ಗುಟ್ಟನ್ನು ಇವತ್ತಿನ ತನಕ ಯಾರೂ ಬಿಚ್ಚಿರಲಿಲ್ಲ. ಮೂವರಲ್ಲಿ ಇಬ್ಬರಿಗೆ ಈಗ ಶುಗರ್ ಉಂಟು, ಅದರಲ್ಲಿ ಒಬ್ಬರು ನನ್ನ ಉಮ್ಮ. ಗೊತ್ತಾದಾಗ ಕಣ್ಣಿಗೆ ಪೆಟ್ಟಾಗಿತ್ತು.

ನನ್ನ ತಕರಾರು ಇರುವುದು ಇಲ್ಲಿ. ಕುಟುಂಬದ ಕಾಯಿಲೆಯನ್ನು ನಾವು ಮಯ್ಯತ್ ಮನೆಯಲ್ಲಿ ಮಾತಾಡುತ್ತೇವೆ, ಮದುವೆಯ ಮಾತುಕತೆಯಲ್ಲಿ ಅಡಗಿಸುತ್ತೇವೆ. ಕೇಳಬೇಕಾದ ವೈದ್ಯರ ಕಿವಿಗೂ ನಮ್ಮದೇ ಮಕ್ಕಳ ಕಿವಿಗೂ ಅದು ಸರಿಯಾಗಿ ಬೀಳುವುದೇ ಇಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು 30 ವರ್ಷ ದಾಟಿದವರ ಬಗ್ಗೆ ಒಂದು ಫಾರಂ ತುಂಬಿಸುತ್ತಾರೆ. ಅದರಲ್ಲಿ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಉಂಟಾ ಎಂಬ ಪ್ರಶ್ನೆ ಇದೆ. ನಮ್ಮ ಮನೆಗೂ ಬಂದಿದ್ದರು. ಬಾಗಿಲ ಹಿಂದಿನಿಂದಲೇ “ಯಾರಿಗೂ ಏನೂ ಇಲ್ಲ” ಎಂದು ಕಳಿಸಿಯಾಗಿತ್ತು. ಎಷ್ಟೋ ಮನೆಗಳಲ್ಲಿ ಹೀಗೆಯೇ. ಸರಕಾರದ್ದು ಏನೋ ಲೆಕ್ಕ, ನಮಗ್ಯಾಕೆ ಎಂಬ ಭಾವನೆ. ಆ ಉತ್ತರ ಸರಿಯಾಗಿ ಕೊಟ್ಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಪರೀಕ್ಷೆ ಪುಕ್ಕಟೆ ಆಗುತ್ತಿತ್ತು.

ಇನ್ನು ಮದುವೆಯ ವಿಷಯ. ಬರೆಯಲು ಸ್ವಲ್ಪ ಕಷ್ಟ, ಆದರೂ ಬರೆಯುತ್ತೇನೆ.

ನನಗೆ ಹತ್ತಿರದ ಒಂದು ಮನೆಯಲ್ಲಿ ಏಳು ವರ್ಷದ ಹೆಣ್ಣುಮಗು ಇದೆ. ಥಲಸ್ಸೇಮಿಯಾ ಮೇಜರ್. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಹಾಗೆ ಕೊಟ್ಟ ರಕ್ತದಿಂದ ಮೈಯಲ್ಲಿ ಕಬ್ಬಿಣದ ಅಂಶ ಸೇರುತ್ತಾ ಹೋಗುತ್ತದೆ, ಅದನ್ನು ಹೊರಗೆ ಹಾಕಲು ದಿನಾ ಔಷಧಿ. ಮಜ್ಜೆ ಕಸಿ ಮಾಡಿದರೆ ಗುಣವಾಗಬಹುದು, ಆದರೆ ಹೊಂದುವ ದಾನಿ ಸಿಗಬೇಕು, ದುಡ್ಡೂ ಬೇಕು. ತಂದೆ ತಾಯಿ ಇಬ್ಬರೂ ನೋಡಲು ಗಟ್ಟಿಮುಟ್ಟು. ಇಬ್ಬರೂ ಥಲಸ್ಸೇಮಿಯಾ ವಾಹಕರು ಎಂದು ಗೊತ್ತಾದದ್ದು ಮಗುವಿಗೆ ಕಾಯಿಲೆ ಪತ್ತೆಯಾದ ಮೇಲೆ. ವಾಹಕರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ, ಸ್ವಲ್ಪ ರಕ್ತಹೀನತೆ ಕಂಡರೂ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ವಾಹಕರು ಎಂಬುದು ಅಂದಾಜು. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಮೇಜರ್ ಕಾಯಿಲೆ ಬರುವುದಿಲ್ಲ. ಇಬ್ಬರೂ ಆಗಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಹಾಗಲ್ಲ, ಪ್ರತಿ ಸಲವೂ ಹೊಸದಾಗಿ ಅದೇ ಲೆಕ್ಕ.

ಆ ತಾಯಿ ಕೇಳಿದ ಮಾತುಗಳು ಮಾತ್ರ ನನಗೆ ಮರೆಯುವುದಿಲ್ಲ. ಗಂಡನ ಮನೆಯವರು “ನಿನ್ನ ಕಡೆಯ ರಕ್ತ ಸರಿ ಇಲ್ಲ” ಎಂದರು. ಅಳುತ್ತಾ ತವರಿಗೆ ಬಂದಿದ್ದಳು. ಇಬ್ಬರ ಕಡೆಯಿಂದ ಬರದೆ ಈ ಕಾಯಿಲೆ ಬರುವುದೇ ಇಲ್ಲ ಎಂದು ಅತ್ತೆಗೆ ವೈದ್ಯರೇ ಕೂರಿಸಿ ಹೇಳಬೇಕಾಯಿತು. ಪ್ರವಾದಿ(ಸ)ರ ಬಳಿಗೆ ಒಬ್ಬ ಹಳ್ಳಿಗ ಬಂದು, ಹುಟ್ಟಿದ ಮಗುವಿನ ಬಣ್ಣ ಬೇರೆ ಇದೆ ಎಂದು ಹೆಂಡತಿಯ ಮೇಲೆ ಸಂಶಯದ ಮಾತೆತ್ತಿದ ಘಟನೆ ಬುಖಾರಿಯಲ್ಲಿದೆ. ನಿನ್ನ ಒಂಟೆಗಳ ಬಣ್ಣ ಯಾವುದು ಎಂದು ಅವರು ಕೇಳಿದರು. ಕೆಂಪು ಎಂದ. ಬೂದು ಬಣ್ಣದ್ದು ಇದೆಯಾ? ಇದೆ. ಅದು ಎಲ್ಲಿಂದ ಬಂತು? ಹಿಂದಿನ ಯಾವುದೋ ತಳಿ ಎಳೆದಿರಬೇಕು ಎಂದು ಅವನೇ ಹೇಳಿದ. ನಿನ್ನ ಮಗುವಿನದ್ದೂ ಹಾಗೆಯೇ ಇರಬಹುದು ಎಂದು ಪ್ರವಾದಿ(ಸ) ಅವನ ಬಾಯಿ ಮುಚ್ಚಿಸಿದರು. ವಂಶದಲ್ಲಿ ಹರಿದು ಬರುವುದನ್ನು ಹೆಣ್ಣಿನ ತಪ್ಪು ಮಾಡಬೇಡಿ ಎಂದು ನಾನು ಇದರಿಂದ ತಿಳಿದುಕೊಳ್ಳುತ್ತೇನೆ.

ಆ ಮಗುವಿನ ತಂದೆ ತಾಯಿ ಅಣ್ಣತಂಗಿಯ ಮಕ್ಕಳು. ಸಂಬಂಧದೊಳಗಿನ ಮದುವೆ ದೀನಿನಲ್ಲಿ ಅನುಮತಿ ಇರುವಂಥದ್ದು, ಅದನ್ನು ತಪ್ಪು ಎನ್ನಲು ನಾನು ಯಾರು? ಆದರೆ ಅನುಮತಿ ಎಂದರೆ ಕಡ್ಡಾಯ ಅಲ್ಲ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತದೆ, ಹತ್ತಿರದ ಸಂಬಂಧದ ಮದುವೆಯಲ್ಲಿ ಅದು ಸುಮಾರು ಇಮ್ಮಡಿ. ಇದರರ್ಥ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ ಎಂದೂ ಹೌದು. ಕುಟುಂಬದಲ್ಲಿ ಒಂದು ಕಾಯಿಲೆ ಇದೆ ಎಂದು ಗೊತ್ತಿದ್ದೂ ಪರೀಕ್ಷಿಸದೆ ಮಾಡುವುದಕ್ಕೆ ಮಾತ್ರ ನನ್ನ ಆಕ್ಷೇಪ.

ರಕ್ತದಾನ ಶಿಬಿರ ಎಂದರೆ ನಮ್ಮ ಯುವಕರು ರಾತ್ರಿ ಎರಡು ಗಂಟೆಗೂ ಬೈಕ್ ಹತ್ತುತ್ತಾರೆ, ಅದು ನಮಗೆಲ್ಲ ಹೆಮ್ಮೆ. ಆ ಮಗುವಿಗೆ ರಕ್ತ ಕೊಡಲು ಅದೇ ಹುಡುಗರು ಸಾಲು ನಿಲ್ಲುತ್ತಾರೆ. ಅವರ ಮದುವೆ ಗೊತ್ತಾಗುವಾಗ ಒಂದು ಸಣ್ಣ ಬಾಟಲಿ ರಕ್ತ ತಮ್ಮ ಪರೀಕ್ಷೆಗೆ ಕೊಡಲು ಹೇಳಿ ನೋಡಿ, “ನಮ್ಮ ಹುಡುಗನಿಗೆ ಏನಾಗಿದೆ?” ಎಂದು ಮನೆಯವರು ಮುನಿಯುತ್ತಾರೆ. ಸೌದಿಯಲ್ಲಿ 2004ರಿಂದ ಅಲ್ಲಿನ ನಾಗರಿಕರಿಗೆ ಮದುವೆಗೆ ಮೊದಲು ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಪರೀಕ್ಷೆ ಕಡ್ಡಾಯ. ಏನು ಫಲಿತಾಂಶ ಬಂದರೂ ಮದುವೆಯಾಗುವುದು, ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ಗೊತ್ತಿದ್ದು ಆಗಬೇಕು. ಅಲ್ಲಿಂದ ಅತ್ತರು, ಖರ್ಜೂರ, ಅಬಾಯದ ಹೊಸ ಮಾದರಿ ಎಲ್ಲ ತಂದೆವು. ಇದೊಂದನ್ನು ತರಲಿಲ್ಲ.

ನಮ್ಮ ಜಮಾಅತ್‌ಗಳಲ್ಲಿ ನಿಕಾಹ್‌ಗೆ ವಯಸ್ಸಿನ ದಾಖಲೆ, ಆಧಾರ್, ಇನ್ನೊಂದು ಜಮಾಅತ್‌ನ ಪತ್ರ ಎಲ್ಲ ಕೇಳುತ್ತೇವೆ. ಆಗ ರಕ್ತ ಪರೀಕ್ಷೆಯ ಮಾತೆತ್ತಿ ಪ್ರಯೋಜನ ಇಲ್ಲ, ಅಷ್ಟರಲ್ಲಿ ಹಾಲ್ ಬುಕ್ ಆಗಿ ಕಾರ್ಡು ಹಂಚಿ ಆಗಿರುತ್ತದೆ. ನಿಶ್ಚಯಕ್ಕೂ ಮೊದಲು, ಮಾತು ಶುರುವಾಗುವಾಗಲೇ ಎರಡೂ ಕಡೆಯವರು ಮಾಡಿಸಿಕೊಳ್ಳಲಿ ಎಂದು ಖತೀಬರು ಜುಮಾದಲ್ಲಿ ನಾಲ್ಕು ಸಲ ಹೇಳಿದರೆ ಸಾಕು, ಜನ ಅಭ್ಯಾಸ ಮಾಡಿಕೊಳ್ಳುತ್ತಾರೆ. ರಿಪೋರ್ಟ್ ಮಾತ್ರ ಕಮಿಟಿಯ ಕೈಗೆ ಹೋಗಕೂಡದು. ಕಮಿಟಿಗೆ ಗೊತ್ತಾದದ್ದು ಅಸರ್ ಆಗುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿಗೂ ಗೊತ್ತಾಗುತ್ತದೆ, ನಾನೂ ಅಲ್ಲೇ ಇರುವವನು.

ಹಾಗೆಂದು ಶುಗರ್, ಬಿಪಿ ಇರುವ ಮನೆಯ ಹೆಣ್ಣು ಬೇಡ ಎನ್ನಲು ಶುರು ಮಾಡಿದರೆ ನಮ್ಮ ಕರಾವಳಿಯಲ್ಲಿ ಯಾರಿಗೂ ಮದುವೆ ಆಗಲಿಕ್ಕಿಲ್ಲ. ಥಲಸ್ಸೇಮಿಯಾದಂತಹದ್ದು ಬೇರೆ, ಶುಗರ್ ಮತ್ತು ಹೃದಯದ ಕಾಯಿಲೆ ಬೇರೆ. ಮೊದಲನೆಯದು ರಕ್ತದಲ್ಲೇ ತೀರ್ಮಾನವಾಗಿ ಬರುತ್ತದೆ. ಎರಡನೆಯದರಲ್ಲಿ ತಂದೆಯಿಂದ ಬರುವುದು ಒಂದು ಪಾಲು, ಉಳಿದದ್ದು ತಂದೆಯ ಮನೆಯ ಅಡುಗೆಕೋಣೆಯಿಂದ. ನನ್ನ ತಂದೆ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದರು, ದೊಡ್ಡಪ್ಪನೂ ಅಷ್ಟೇ. ಅಣ್ಣತಮ್ಮಂದಿರು ಹಂಚಿಕೊಂಡದ್ದು ರಕ್ತವನ್ನು ಮಾತ್ರವಾ? ಬೀಡಿ, ನೆಯ್ಚೋರು, ಮೂರು ಚಮಚ ಸಕ್ಕರೆಯ ಚಾ, ಎಲ್ಲ ಒಂದೇ. “ಕುಟುಂಬದಲ್ಲೇ ಉಂಟು” ಎನ್ನುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚಿಂತೆ ಮಾಡಿ ಮಾಡಿ ಸುಸ್ತಾದವರೂ ಇದ್ದಾರೆ. ನನ್ನ ಪರಿಚಯದ ಒಬ್ಬ ಹುಡುಗ, ಮೂವತ್ತೊಂದು ವರ್ಷ, ತಂದೆ ಹೋದ ಮೇಲೆ ತಿಂಗಳಿಗೊಮ್ಮೆ ಇಸಿಜಿ ತೆಗೆಸುತ್ತಾನೆ, ಪ್ರತಿ ಸಲ ನಾರ್ಮಲ್. ಆದರೂ ವಾಟ್ಸಾಪಿನಲ್ಲಿ ಬಂದ ಬೆಳ್ಳುಳ್ಳಿ, ಶುಂಠಿ, ನಿಂಬೆ ಕಷಾಯ ಕುಡಿಯುತ್ತಾನೆ. ಸಿಗರೇಟ್ ಬಿಟ್ಟಿಲ್ಲ. ಅವನನ್ನು ನೋಡಿ ನಗು ಬರುತ್ತದೆ, ಆಮೇಲೆ ಲ್ಯಾಬಿಗೆ ಹೆದರಿ ಓಡಾಡಿದ ನನ್ನ ನೆನಪಾಗಿ ನಗು ನಿಲ್ಲುತ್ತದೆ.

ನಾನೀಗ ಒಂದು ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ: ಯಾರು, ಯಾವ ಕಾಯಿಲೆ, ಎಷ್ಟನೇ ವಯಸ್ಸು. ತಂದೆಯ ಕಡೆ ಆರು ಹೆಸರು, ಉಮ್ಮನ ಕಡೆ ಐದು. ಮಗಳಿಗೆ ಹದಿನೇಳು, ಅವಳಿಗೆ ತೋರಿಸಿದೆ. ಹೆದರಿಯಾಳು ಎಂದು ನಾನು ಹೆದರಿದ್ದೆ. ಅವಳು ಓದಿ, “ಉಪ್ಪ, ಉಮ್ಮನ ಮನೆಯದ್ದು ಬರೆಯಲೇ ಇಲ್ಲವಲ್ಲ” ಎಂದಳು. ಅದೂ ನಿಜ. ನನ್ನ ಹೆಂಡತಿಯ ಕಡೆಯದ್ದು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಮದ್ರಸದ ಆ ಹುಡುಗನನ್ನು ಮತ್ತೆ ಕರೆದು ಕೂರಿಸಿದೆ. ಬರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ, ಬರಬಹುದು ಎಂದು ಗೊತ್ತಿರುವವನಿಗೆ ಜಾಗ್ರತೆ ಮಾಡಲು ದಾರಿ ಉಂಟು ಎಂದೆ. ನನ್ನ ತಂದೆಯ ವಿಷಯ ಹೇಳಿದೆ, ನಾನು ನುಂಗುವ ಮಾತ್ರೆಯನ್ನೂ ತೋರಿಸಿದೆ. “ಉಸ್ತಾದಿಗೂ ಉಂಟಾ?” ಎಂದು ಸ್ವಲ್ಪ ನಕ್ಕ. ಅವನ ಇಚ್ಚ ದುಬೈಯಿಂದ ಬಂದವನು, ಹಿಂದಿರುಗುವ ಮೊದಲು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಂಡು ಹೋದ. ರಿಪೋರ್ಟಿನಲ್ಲಿ ಏನು ಬಂತೆಂದು ನಾನು ಕೇಳಲಿಲ್ಲ. ನನ್ನ ಸ್ವಂತ ತಮ್ಮ ಮಾತ್ರ ಇನ್ನೂ “ನಾಳೆ ನೋಡೋಣ” ಎನ್ನುತ್ತಿದ್ದಾನೆ. ಶುಕ್ರವಾರ ಅವನ ಮನೆಗೆ ಹೋಗುವವನಿದ್ದೇನೆ, ಚಾ ಮಾಡುವ ಮೊದಲೇ.