ಕೆಟ್ಟ ಹೂಜಿಯ ಲೆಕ್ಕ

ಕೈಯಾರೆ ಏನಾದರೂ ಮಾಡಿ, ಅದನ್ನೇ ಮಾರಿ ಬದುಕುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದಿದೆ: ಕಸುಬಿನಲ್ಲಿ ಪಳಗಿ, ವ್ಯಾಪಾರ ತಾನಾಗಿಯೇ ಕುದುರುತ್ತದೆ. ನೇಕಾರರಿಗೂ, ಒಡವೆ ಮಾಡುವವರಿಗೂ, ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗೂ ಇದೇ ಉಪದೇಶ. ಆದರೆ ಪಳಗುವ ತನಕ ಆಗುವ ನಷ್ಟವನ್ನು ಯಾರು ಹೊರಬೇಕು? ಕಸುಬುದಾರನೇ ಅಂಗಡಿಯ ಯಜಮಾನನೂ ಆದಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಿಶ್ರಣದ ಹದ ಮೊದಲ ದಿನವೇ ತಪ್ಪಿದ್ದರೂ ಅದು ಬಯಲಾಗುವುದು ಈ ಕೊನೆಯ ಹಂತದಲ್ಲಿ. ಕೆಟ್ಟ ಹೂಜಿಯ ಸತುವನ್ನು ಮತ್ತೆ ಕರಗಿಸಬಹುದು, ಬೆಳ್ಳಿಯನ್ನು ಬಿಡಿಸಿಕೊಳ್ಳಬಹುದು. ಅದಕ್ಕೆ ಸುರಿದ ದಿನಗಳ ದುಡಿಮೆ ಮಾತ್ರ ವಾಪಸು ಬರುವುದಿಲ್ಲ.

ಆಸ್ಥಾನದ ಆಶ್ರಯವಿದ್ದ ಕಾಲದಲ್ಲಿ ಇಂಥ ನಷ್ಟವನ್ನು ತಡೆದುಕೊಳ್ಳಲು ಹಿಂದೊಂದು ಬೊಕ್ಕಸವಿರುತ್ತಿತ್ತು. ಈಗ ಬಾಡಿಗೆ, ಸಾಲದ ಕಂತು, ಬೆಳ್ಳಿಯ ದರ ಎಲ್ಲವೂ ಒಬ್ಬನ ತಲೆಯ ಮೇಲೆ. ಹಾಗಾಗಿ ಅವನು ಖಾತ್ರಿಯಾಗಿ ಖರ್ಚಾಗುವುದನ್ನೇ ಮಾಡುತ್ತಾನೆ: ಕೀಚೈನು, ಸಮಾರಂಭದ ನೆನಪಿನ ಕಾಣಿಕೆ, ಸಣ್ಣ ಡಬ್ಬಿ. ಒಂದೇ ನಮೂನೆಯನ್ನು ನೂರು ಸಲ ಮಾಡಿದರೆ ಕೈ ಚುರುಕಾಗುತ್ತದೆ, ನಿಜ. ಕಲಿಕೆಯ ಮೊದಲ ವರ್ಷಗಳಲ್ಲಿ ಅದು ಬೇಕೇ ಬೇಕು. ಆಮೇಲೆ ಕೈಗೆ ಇನ್ನೂ ಒಲಿಯದ ಕೆಲಸವನ್ನು ಎತ್ತಿಕೊಂಡರಷ್ಟೇ ಬೆಳವಣಿಗೆ, ಮತ್ತು ಅಂಥ ಕೆಲಸ ಕೆಡುವ ಸಂಭವವೇ ಹೆಚ್ಚು. ಆರ್ಡರ್ ಕೊಟ್ಟವರು ಆ ಅಪಾಯಕ್ಕೆ ದುಡ್ಡು ಕೊಡುವುದಿಲ್ಲ.

ಕೊಳ್ಳುವವರಿಗೆ ಈ ಸೂಕ್ಷ್ಮವೆಲ್ಲ ಎಲ್ಲಿ ತಿಳಿಯುತ್ತದೆ, ಸುಮ್ಮನೆ ಯಾಕೆ ಮೈ ಮುರಿಯಬೇಕು ಎಂದು ಕೇಳುವವರಿದ್ದಾರೆ. ಅನೇಕರಿಗೆ ತಿಳಿಯುವುದಿಲ್ಲ, ಒಪ್ಪೋಣ. ಆದರೆ ವ್ಯತ್ಯಾಸ ಕಾಣದ ಕಡೆ ಪೈಪೋಟಿ ಉಳಿಯುವುದು ಬೆಲೆಯಲ್ಲಿ, ಬೆಲೆಯಲ್ಲಿ ಯಂತ್ರದೆದುರು ಸಣ್ಣ ಅಂಗಡಿ ಗೆಲ್ಲದು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಸಂತೆಗಳನ್ನು ತುಂಬಿದಾಗ ಮರದ ಆಟಿಕೆಗಳ ಊರಾದ ಚನ್ನಪಟ್ಟಣಕ್ಕೆ ಬಂದ ಸಂಕಟವೂ ಇದೇ. ಅವುಗಳಿಗಿಂತ ಅಗ್ಗವಾಗಿ ಮಾರುವ ದಾರಿ ಅಲ್ಲಿನವರಿಗಿರಲಿಲ್ಲ. ಹಾಲೆ ಮರದ ನುಣುಪು, ಅರಗಿಗೆ ಅರಿಶಿನದಂಥ ಸಸ್ಯಮೂಲದ ಬಣ್ಣ ಬೆರೆಸುವ ಹದ, ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲ ಎಂಬ ಭರವಸೆ, ಹೊಸ ವಿನ್ಯಾಸಗಳು ಅವರ ಕೈ ಹಿಡಿದವು. ಹೊಸ ಬಣ್ಣದ ಹದ ಸಿಗುವ ಮುಂಚೆ ಒಂದಿಷ್ಟು ಅರಗು ಹಾಳಾಗಲೇಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಪರಿಪೂರ್ಣತೆಯ ಹಟಕ್ಕೆ ಬಿದ್ದವನು ಹೇಳಿದ ದಿನಕ್ಕೆ ಮಾಲು ಕೊಡುವುದಿಲ್ಲ, ಗಿರಾಕಿ ಮತ್ತೆ ಬರುವುದಿಲ್ಲ. ಇದಕ್ಕೆ ಮದ್ದು ಎರಡು ಕೆಲಸಗಳನ್ನು ಬೇರೆ ಇಡುವುದು. ಆರ್ಡರಿನ ಮಾಲಿನಲ್ಲಿ ಈಗಾಗಲೇ ಕೈವಶವಾದದ್ದನ್ನು ಮಾತ್ರ ಮಾಡಬೇಕು, ಹೊತ್ತಿಗೆ ಸರಿಯಾಗಿ ಮುಗಿಸಬೇಕು. ಪ್ರಯೋಗ ವಾರದಲ್ಲಿ ಅದಕ್ಕೆಂದೇ ಮೀಸಲಿಟ್ಟ ಹೊತ್ತಿನಲ್ಲಿ, ಹಾಳಾದರೂ ಪರವಾಗಿಲ್ಲ ಎಂಬ ಸಾಮಗ್ರಿಯಲ್ಲಿ ನಡೆಯಬೇಕು.

ಆ ಹೊತ್ತಿನ ಖರ್ಚು ಮಾರುವ ಪ್ರತಿ ವಸ್ತುವಿನ ಬೆಲೆಯೊಳಗೆ ಬಾಡಿಗೆಯ ಪಕ್ಕದಲ್ಲೇ ಕೂರಬೇಕು. ಪ್ರಶಸ್ತಿ, ಸನ್ಮಾನಗಳನ್ನು ನಂಬಿ ಕೂರಲಾಗದು. ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ, ದಶಕಗಳ ದುಡಿಮೆಯ ಬಳಿಕ. ಅಂಥ ಗೌರವ ಪಳಗಿದ ಕೈಗೆ ಸಲ್ಲುವಂಥದು, ಪಳಗುತ್ತಿರುವ ವರ್ಷಗಳ ಅಡುಗೆಮನೆಯನ್ನು ಅದು ನಡೆಸಲಾರದು. ಪ್ರಯೋಗದ ಖರ್ಚು ಸೇರಿಸಿದರೆ ಬೆಲೆ ಸ್ವಲ್ಪ ಏರುತ್ತದೆ, ಚೌಕಾಸಿ ಮಾಡುವ ಕೆಲವು ಗಿರಾಕಿಗಳು ದೂರವಾಗುತ್ತಾರೆ. ಆ ನಷ್ಟವನ್ನು ಹೊರಲು ಒಪ್ಪದ ಅಂಗಡಿ, ಹಿಂದೆ ಕಲಿತದ್ದನ್ನು ಮಾತ್ರ ಮಾರಿಕೊಂಡು ಬದುಕುತ್ತಿರುತ್ತದೆ. ಅಪ್ಪ ಕೂಡಿಟ್ಟ ಬಂಡವಾಳವನ್ನು ಮಗ ಕರಗಿಸಿದರೆ ಊರೇ ಆಡಿಕೊಳ್ಳುತ್ತದೆ. ಕಸುಬು ಕರಗುವುದನ್ನು ನಾವು ಮಾತ್ರ ಒಳ್ಳೆಯ ವ್ಯಾಪಾರ ಎನ್ನುತ್ತೇವೆ.